ಇಬ್ಬರಿಗೆ 750 ಎಂಎಲ್ ಜಾಸ್ತಿ: ವೈನ್ ಬಾಟಲಿಯ ಅಳತೆ ಯಾರ ಲೆಕ್ಕ?

ಗಾಂಧಿಬಜಾರ್ ಮಲ್ಲಿಗೆ · ಭಾನುವಾರ ಬೆಳಗ್ಗೆ 10:20

ಎಲ್ಲರಿಗೂ ನಮಸ್ಕಾರ. ಕುಡಿಯುವುದು ಸರಿಯೋ ತಪ್ಪೋ ಅನ್ನೋ ಚರ್ಚೆ ಇದಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ಎರಡು ವರ್ಷದ ಹಿಂದೆ ಮಗಳು ದೊಡ್ಡಬಳ್ಳಾಪುರದ ಕಡೆ ಒಂದು ದ್ರಾಕ್ಷಿ ತೋಟ ನೋಡಲು ಕರೆದುಕೊಂಡು ಹೋಗಿದ್ದಳು. ಅಲ್ಲಿ ರುಚಿಗೆ ಕೊಟ್ಟ ಕೆಂಪು ವೈನ್ ಇವರಿಗೆ ಹಿಡಿಸಿತು. ನನಗೂ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಈಗ ಶನಿವಾರ ರಾತ್ರಿ ಊಟದ ಜೊತೆ ತಲಾ ಒಂದು ಲೋಟ. ಅಷ್ಟೇ. ಬಾಟಲಿ ಮಾತ್ರ 750 ಎಂಎಲ್. ಎರಡು ಲೋಟ ಬಗ್ಗಿಸಿದ ಮೇಲೆ ಇನ್ನೂ ಮೂರು ಲೋಟದಷ್ಟು ಉಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಮುಂದಿನ ಶನಿವಾರದ ಹೊತ್ತಿಗೆ ಹುಳಿ ಹುಳಿ. ಒಂದು ಸಲ ಟೊಮೇಟೊ ಸಾರಿಗೆ ಸುರಿದೆ, ಯಾರಿಗೂ ಹೇಳಬೇಡಿ.

ನಮ್ಮ ಬಡಾವಣೆಯ ಅಂಗಡಿಯಲ್ಲಿ ಚಿಕ್ಕ ಬಾಟಲಿ ಕೇಳಿದರೆ, "ವೈನಲ್ಲಿ ಚಿಕ್ಕದು ಬರಲ್ಲ ಮೇಡಂ, ಗೌರ್ಮೆಂಟ್ ರೂಲ್ಸು" ಅಂದರು. ಅವರ ಬೆನ್ನ ಹಿಂದೆಯೇ ವಿಸ್ಕಿಯ 90 ಎಂಎಲ್ ಪೊಟ್ಟಣ ಗೋಡೆ ಕಟ್ಟಿದ ಹಾಗೆ ಜೋಡಿಸಿಟ್ಟಿತ್ತು. ನಿಜವಾಗಲೂ ಅಂಥ ರೂಲ್ಸ್ ಇದೆಯಾ? ಇದ್ದರೆ ಯಾರು ಮಾಡಿದ್ದು, ಯಾಕೆ?

ಸುಮ್ನೆ ಓದುಗ · 10:34

ವೈನ್ ಸ್ಟೋರ್ ಅಂತ ಬೋರ್ಡು, ಒಳಗೆ ವೈನ್ ಒಂದು ಬಿಟ್ಟು ಎಲ್ಲಾ ಇರುತ್ತದೆ. ಅದನ್ನು ಮೊದಲು ಯಾರಾದರೂ ವಿವರಿಸಿ.

ಕೌಂಟರ್ ಹಿಂದಿನವನು · 11:05

ಮೇಡಂ, ರಾಜಾಜಿನಗರದ ಕಡೆ ಒಂದು ಸಿಎಲ್-2 (ಚಿಲ್ಲರೆ ಮದ್ಯ ಮಾರಾಟದ ಪರವಾನಗಿ) ಅಂಗಡಿಯಲ್ಲಿ ಹನ್ನೆರಡು ವರ್ಷ ಕೌಂಟರ್ ನೋಡಿಕೊಂಡವನು ನಾನು. ಈಗ ಬಿಟ್ಟಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳಬಹುದು. ನಿಮಗೆ ಹೇಳಿದ್ದು ಅರ್ಧ ಸುಳ್ಳು. ವೈನಿನಲ್ಲಿ 375ರ ಹಾಫ್ ಬರುತ್ತದೆ. ಸಿಹಿ ಪೋರ್ಟ್ ವೈನನ್ನು 180ರಲ್ಲೂ ಮಾರಿದ್ದೇನೆ. ನೀವು ಕೇಳುವಂಥ ಒಣ, ಅಂದರೆ ಸಿಹಿ ಇಲ್ಲದ, ಕೆಂಪು ವೈನಿನ ಹಾಫ್ ಅಂಗಡಿಯವರು ತರಿಸುವುದಿಲ್ಲ, ಅಷ್ಟೇ. ತರಿಸದೇ ಇರುವುದಕ್ಕೆ "ರೂಲ್ಸು" ಅನ್ನುವುದು ಸುಲಭದ ಉತ್ತರ.

ಯಾಕೆ ತರಿಸುವುದಿಲ್ಲ ಅಂದರೆ, ನಮ್ಮ ರಾಜ್ಯದಲ್ಲಿ ಅಂಗಡಿಯವನು ಕಂಪನಿಯಿಂದ ನೇರವಾಗಿ ಮಾಲು ಕೊಳ್ಳುವ ಹಾಗಿಲ್ಲ. 2003ರಿಂದ ಎಲ್ಲವೂ ರಾಜ್ಯ ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕವೇ ಬರಬೇಕು. ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಬೇಕು, ದುಡ್ಡು ಮುಂಗಡ ಕಟ್ಟಬೇಕು. ಲೆಕ್ಕವೆಲ್ಲ ಕೇಸ್, ಅಂದರೆ ಪೆಟ್ಟಿಗೆ ಲೆಕ್ಕ. 750ರ ಫುಲ್ಲಾದರೆ ಕೇಸಿಗೆ 12, ಹಾಫಾದರೆ 24, 180ರ ಕ್ವಾರ್ಟರಾದರೆ 48, ನೈಂಟಿಯಾದರೆ 96. ಹಾಫ್ ವೈನ್ ಒಂದು ಕೇಸ್ ತಂದರೆ 24 ಬಾಟಲಿ ಶೆಲ್ಫಿನಲ್ಲಿ ಕೂರುತ್ತವೆ. ನೀವೊಬ್ಬರು ವಾರಕ್ಕೊಂದು ಒಯ್ದರೆ ಖಾಲಿಯಾಗಲು ಆರು ತಿಂಗಳು. ಅದೇ ಜಾಗದಲ್ಲಿ ನೈಂಟಿ ಇಟ್ಟರೆ ಸಂಜೆ ಏಳರ ಒಳಗೆ ಖಾಲಿ. ನಮ್ಮ ಓನರ್ ವೈನ್ ಶೆಲ್ಫನ್ನು "ಅತ್ತೆ ಮನೆ ಸೋಫಾ" ಅನ್ನುತ್ತಿದ್ದರು. ಇರಬೇಕು, ಆದರೆ ಯಾರೂ ಕೂರಲ್ಲ ಅಂತ.

ಗಾಂಧಿಬಜಾರ್ ಮಲ್ಲಿಗೆ · 11:20

ಅಯ್ಯೋ, ಹಾಗಾದರೆ ಸರ್ಕಾರದ ತಪ್ಪೇ ಇಲ್ಲವಾ? ನಾನು ಸುಮ್ನೆ ಒಂದು ವರ್ಷ ಬೈದುಕೊಂಡೆನಲ್ಲ.

ಲೇಬಲ್ ರಾಯರು · 12:10

ಪೂರ್ತಿ ಇಲ್ಲ ಅನ್ನಬೇಡಿ ತಾಯಿ. ಇದೆ, ಬೇರೆ ಕಡೆ ಇದೆ.

ನಾನು ಆಹಾರ ಪದಾರ್ಥಗಳ ಪ್ಯಾಕಿಂಗ್ ವಿಭಾಗದಲ್ಲಿದ್ದು ನಿವೃತ್ತನಾದವನು. ಲೇಬಲ್, ತೂಕ, ಅಳತೆ ಅಂತಲೇ ತಲೆ ಬೆಳ್ಳಗಾಯಿತು. ನಮ್ಮ ದೇಶದಲ್ಲಿ ಪೊಟ್ಟಣದ ಅಳತೆಗೆ 2011ರ ಪ್ಯಾಕೇಜ್ ನಿಯಮಗಳಿವೆ. ಅದರ ಎರಡನೇ ಅನುಸೂಚಿಯಲ್ಲಿ ಬಿಸ್ಕತ್ತು, ಉಪ್ಪು, ಸೋಪು, ಅಡುಗೆ ಎಣ್ಣೆ, ಸಿಮೆಂಟು ಇವನ್ನೆಲ್ಲ ಇಂತಿಂಥ ಅಳತೆಯಲ್ಲೇ ಮಾರಬೇಕು ಅಂತ ಪಟ್ಟಿ ಇತ್ತು. 2022ರಲ್ಲಿ ಆ ಪಟ್ಟಿಯನ್ನೇ ತೆಗೆದರು. ಈಗ ಎಷ್ಟು ಗ್ರಾಮಿನಲ್ಲಾದರೂ ಮಾರು, ಗ್ರಾಮಿಗೆ ಎಷ್ಟು ಬೀಳುತ್ತದೆ, ಎಂಎಲ್‌ಗೆ ಎಷ್ಟು ಬೀಳುತ್ತದೆ ಅಂತ ಮುದ್ರಿಸು ಎಂಬ ಧೋರಣೆ. ಬಿಸ್ಕತ್ತಿಗೆ ಸ್ವಾತಂತ್ರ್ಯ ಬಂತು.

ಮದ್ಯದ ಕಥೆ ಬೇರೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅದು ರಾಜ್ಯ ಪಟ್ಟಿಯ 8ನೇ ನಮೂದು. ತಯಾರಿಕೆ, ಸಾಗಣೆ, ಮಾರಾಟ, ಕೊನೆಗೆ ಮನೆಯಲ್ಲಿ ಇಟ್ಟುಕೊಳ್ಳುವುದು ಕೂಡ ರಾಜ್ಯದ ಕೈಯಲ್ಲಿ. ಜಿಎಸ್‌ಟಿಯೊಳಗೂ ಬಂದಿಲ್ಲ. ಇಲ್ಲಿ 1965ರ ಅಬಕಾರಿ ಕಾಯ್ದೆ, ಅದರ ಕೆಳಗೆ ಬಾಟ್ಲಿಂಗ್ ನಿಯಮಗಳು. ಲೇಬಲ್ಲಿಗೆ ಇಲಾಖೆಯ ಒಪ್ಪಿಗೆ ಬೇಕು. ಪ್ರತಿ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಚೀಟಿ ಅಂಟಿಸಬೇಕು. ಒಂದು ವೈನರಿಯವನು "ಇಬ್ಬರಿಗಾಗುವಷ್ಟು 300 ಎಂಎಲ್ ಬಾಟಲಿ ತರೋಣ" ಅಂದುಕೊಂಡ ಅಂತಿಟ್ಟುಕೊಳ್ಳಿ. ಬಾಟಲಿ ಮಾಡಿಸುವುದು ದೊಡ್ಡ ಕೆಲಸವಲ್ಲ. ಹೊಸ ಅಳತೆಗೆ ಕಾಗದ ಓಡಾಡಿಸುವುದು ದೊಡ್ಡ ಕೆಲಸ.

ಸರ್ಕಾರಕ್ಕೆ ಬೇಕಾಗಿರುವುದು ಎಣಿಕೆ. ಗೋದಾಮಿನಲ್ಲಿ ಎಷ್ಟು ಪೆಟ್ಟಿಗೆ, ಎಷ್ಟು ಲೀಟರ್, ಎಷ್ಟು ಸುಂಕ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಅಳತೆ ಕಡಿಮೆ ಇದ್ದಷ್ಟೂ ಎಣಿಕೆ ಸಲೀಸು. ನಿಮ್ಮ ಶನಿವಾರದ ಎರಡು ಲೋಟ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಕೌಂಟರ್ ಹಿಂದಿನವನು · 12:31

ರಾಯರು ಹೇಳಿದ್ದು ಸರಿ. ಒಂದು ತಮಾಷೆ ಸೇರಿಸುತ್ತೇನೆ. 12 ಫುಲ್ ಅಂದರೆ 9 ಲೀಟರ್. 24 ಹಾಫ್ ಕೂಡ 9 ಲೀಟರ್. ಆದರೆ 48 ಕ್ವಾರ್ಟರ್ ಗುಣಿಸಿ ನೋಡಿ, 8.64 ಬರುತ್ತದೆ. 96 ನೈಂಟಿಯೂ 8.64. ಕ್ವಾರ್ಟರ್ ಅಂದರೆ ಕಾಲು ಭಾಗ, 750ರ ಕಾಲು 187.5 ಆಗಬೇಕಿತ್ತು ಅಲ್ವಾ? ಆ ಏಳೂವರೆ ಎಂಎಲ್ ಎಲ್ಲಿ ಹೋಯಿತು ಅಂತ ಗಿರಾಕಿಯೊಬ್ಬರು ದಿನಾ ಕೇಳುತ್ತಿದ್ದರು. ನಾಲ್ಕು ಕ್ವಾರ್ಟರ್ ಕೊಂಡರೂ ಒಂದು ಫುಲ್ ಆಗಲ್ಲ, 30 ಎಂಎಲ್ ಖೋತಾ. ಸರಿಯಾಗಿ ಒಂದು ಸಣ್ಣ ಪೆಗ್!

ಟ್ಯಾಂಪಾ ರಿಟರ್ನ್ · ಮಧ್ಯಾಹ್ನ 2:15

ಇದನ್ನು ಓದಿ ನಗು ಬಂತು, ಯಾಕೆಂದರೆ ನಾನಿದ್ದ ಕಡೆ ಇದರ ಉಲ್ಟಾ ತಲೆನೋವು. ಒಂಬತ್ತು ವರ್ಷ ಫ್ಲೋರಿಡಾದಲ್ಲಿದ್ದೆ, ಈಗ ಜೆ.ಪಿ. ನಗರ. ಅಲ್ಲಿ ಚಿಕ್ಕದಕ್ಕೆ ತೊಂದರೆ ಇರಲಿಲ್ಲ, ದೊಡ್ಡದು ಕಾನೂನುಬಾಹಿರ. ಒಂದು ಗ್ಯಾಲನ್‌ಗಿಂತ ದೊಡ್ಡ ಪಾತ್ರೆಯಲ್ಲಿ ವೈನ್ ಮಾರುವಂತಿಲ್ಲ ಅಂತ ರಾಜ್ಯದ ಕಾನೂನೇ ಇತ್ತು. ಗ್ಯಾಲನ್ ಅಂದರೆ ನಾಲ್ಕೂವರೆ ಲೀಟರ್. ಹಾಗಾಗಿ 3 ಲೀಟರಿನ ರಟ್ಟಿನ ಡಬ್ಬ ಸಿಗುತ್ತಿತ್ತು, 5 ಲೀಟರಿನದು ಸಿಗುತ್ತಿರಲಿಲ್ಲ.

ಮಜಾ ಏನೆಂದರೆ, ತಯಾರಕರು ಮತ್ತು ಡಿಸ್ಟ್ರಿಬ್ಯೂಟರ್‌ಗಳು ತಮ್ಮತಮ್ಮಲ್ಲಿ ಎಷ್ಟು ದೊಡ್ಡ ಪೀಪಾಯಿಯಲ್ಲಿ ಬೇಕಾದರೂ ಕೊಟ್ಟು ತೆಗೆದುಕೊಳ್ಳಬಹುದು. ಅಂಗಡಿಗೆ, ಗಿರಾಕಿಗೆ ಬರುವಾಗ ಮಾತ್ರ ಗ್ಯಾಲನ್ ಗೆರೆ. ಹೋಟೆಲಿನವರಿಗೆ ಮರುಬಳಕೆಯ ಕೆಗ್ (ಲೋಹದ ಪೀಪಾಯಿ) ಒಂದಕ್ಕೆ ವಿನಾಯಿತಿ ಇತ್ತು, ಅದೂ 5.16 ಗ್ಯಾಲನ್‌ಗೆ ಕಟ್ಟುನಿಟ್ಟು. ಆ ಚಿಲ್ಲರೆ ಅಂಕಿ ಕೇಳಿದರೇ ಗೊತ್ತಾಗುತ್ತದೆ, ಯಾರೋ ತಮ್ಮ ಹತ್ತಿರ ಇದ್ದ ಪಾತ್ರೆಯ ಅಳತೆ ನೋಡಿ ಕಾನೂನು ಬರೆಸಿದ್ದಾರೆ ಅಂತ. 2024ರಲ್ಲಿ ಸಡಿಲ ಮಾಡಿದರು, ದೊಡ್ಡ ಗಾಜಿನ ಬಾಟಲಿಗಳನ್ನೂ ಮಾರಬಹುದು ಈಗ. ಹದಿನೈದು ಲೀಟರಿನ ಬಾಟಲಿಗೆ ನೆಬುಕಡ್ನೆಜರ್ ಅಂತ ಬ್ಯಾಬಿಲೋನಿನ ರಾಜನ ಹೆಸರು. ಇಬ್ಬರು ಹಿಡಿದು ಬಗ್ಗಿಸಬೇಕು.

ಲೇಬಲ್ ರಾಯರು · 2:40

ಸಣ್ಣ ತಿದ್ದುಪಡಿ. ನಾಲ್ಕೂವರೆ ಲೀಟರ್ ಬ್ರಿಟಿಷ್ ಗ್ಯಾಲನ್. ಅಮೆರಿಕದ್ದು 3.785 ಲೀಟರ್. ಆ ವ್ಯತ್ಯಾಸವೇ ಇಲ್ಲಿ ಮುಖ್ಯ. ಅಮೆರಿಕದ ಕೇಂದ್ರ ನಿಯಮ 3 ಲೀಟರ್ ಆದಮೇಲೆ 4, 5, 6 ಅಂತ ಪೂರ್ಣ ಲೀಟರಿನಲ್ಲಿ ತುಂಬಬಹುದು ಅನ್ನುತ್ತದೆ. 4 ಲೀಟರ್ ಅಂದರೆ ಅವರ ಗ್ಯಾಲನ್ನಿಗಿಂತ ಒಂದು ಲೋಟ ಜಾಸ್ತಿ. ಕೇಂದ್ರ ಸರಿ ಅಂದ ಜಾಡಿ ರಾಜ್ಯದ ಗಡಿಯಲ್ಲಿ ತಪ್ಪಾಗುತ್ತಿತ್ತು!

ಟ್ಯಾಂಪಾ ರಿಟರ್ನ್ · 2:52

ಒಪ್ಪಿದೆ ಸಾರ್, 3.785. ಒಂಬತ್ತು ವರ್ಷ ಗ್ಯಾಲನ್ ಲೆಕ್ಕದಲ್ಲಿ ಪೆಟ್ರೋಲ್ ಹಾಕಿಸಿದವನು ಇಲ್ಲಿ ಮಾನ ಕಳೆದುಕೊಂಡೆ.

ಕೇಂದ್ರದ ನಿಯಮದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1979ರಿಂದ ಅಲ್ಲಿ ವೈನಿಗೆ ಮೆಟ್ರಿಕ್ ಅಳತೆ ಕಡ್ಡಾಯ. ಕಾರಿನ ವೇಗಕ್ಕೆ ಮೈಲಿ, ಹಾಲಿಗೆ ಗ್ಯಾಲನ್, ವೈನಿಗೆ ಮಾತ್ರ ಎಂಎಲ್. ಬಹಳ ಕಾಲ 50 ಎಂಎಲ್‌ನಿಂದ 3 ಲೀಟರ್‌ವರೆಗೆ ಒಂಬತ್ತೇ ಅಳತೆ ಇದ್ದವು. 2020ರ ಕೊನೆಯಲ್ಲಿ ಮೂರು ಸೇರಿಸಿದರು, ಕ್ಯಾನ್ ವೈನ್ ಮಾರುವವರು ಕೇಳಿಕೇಳಿ. 2025ರ ಜನವರಿಯಲ್ಲಿ ಒಂದೇ ಏಟಿಗೆ ಹದಿಮೂರು. ಅದರಲ್ಲಿ 180 ಎಂಎಲ್ ಕೂಡ ಇದೆ. ಜಪಾನಿನ ಅಕ್ಕಿ ಮದ್ಯ ಸಾಕೆ ಆ ಅಳತೆಯಲ್ಲಿ ಬರುವುದರಿಂದ. ಅಂದರೆ ನಮ್ಮ ಕ್ವಾರ್ಟರ್ ಈಗ ಅಮೆರಿಕದಲ್ಲಿ ಕಾನೂನುಬದ್ಧ ವೈನ್ ಅಳತೆ!

ಸುಮ್ನೆ ಓದುಗ · 3:00

ಕ್ವಾರ್ಟರಿಗೆ ಅಂತರರಾಷ್ಟ್ರೀಯ ಮನ್ನಣೆ. ಕನ್ನಡಿಗರ ಹೆಮ್ಮೆ.

ಎರಡು ಮಕ್ಕಳ ತಾಯಿ · ಸಂಜೆ 5:45

ಎಲ್ಲರೂ ನಗುತ್ತಿದ್ದೀರಿ, ನಾನು ಸ್ವಲ್ಪ ರಸಭಂಗ ಮಾಡುತ್ತೇನೆ. ಚಿಕ್ಕ ಅಳತೆ ಬೇಕು ಅನ್ನುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ನಮ್ಮ ಬೀದಿಯ ಪಾರ್ಕಿನ ಕಲ್ಲುಬೆಂಚಿನ ಕೆಳಗೆ ಬೆಳಗ್ಗೆ ಎದ್ದರೆ 90 ಎಂಎಲ್ ಟೆಟ್ರಾ ಪೊಟ್ಟಣಗಳು. ನೋಡಲು ಮಾವಿನಹಣ್ಣಿನ ಜ್ಯೂಸಿನ ಹಾಗೇ ಇರುತ್ತವೆ. ನನ್ನ ಚಿಕ್ಕ ಮಗ ಒಂದನ್ನು ಎತ್ತಿಕೊಂಡು "ಸ್ಟ್ರಾ ಎಲ್ಲಮ್ಮ" ಅಂತ ಕೇಳಿದ. ಆ ದಿನ ನನ್ನ ಎದೆ ಬಡಿತ ನಿಂತ ಹಾಗಾಯಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಎರಡು ವಿಸ್ಕಿ ಕಂಪನಿಗಳ ಹೆಸರಿನ ಜಗಳ ಕೇಳುವಾಗ, ಈ ಪೊಟ್ಟಣ ನೋಡಿ ಮಕ್ಕಳು ಇದನ್ನು ಶಾಲೆಗೆ ಒಯ್ಯಬಹುದು ಅಂತ ಆತಂಕ ಹೇಳಿತ್ತು.

ನಮ್ಮ ತಂದೆಯ ಊರಿನಲ್ಲಿ ಸಾರಾಯಿ ಪ್ಯಾಕೆಟ್ ಕಾಲ ನೋಡಿದವಳು ನಾನು. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಪ್ಯಾಕೆಟ್ ಚಿಕ್ಕದು, ಬೆಲೆ ಕಡಿಮೆ, ಜೇಬಿನಲ್ಲಿ ಕಾಣಲ್ಲ. ಕೂಲಿ ದುಡ್ಡು ಮನೆಗೆ ಬರುವ ಮೊದಲೇ ಹಲ್ಲಿನಲ್ಲಿ ಕಚ್ಚಿ ಹರಿದು ಮುಗಿಸುತ್ತಿದ್ದರು. ಬಾಟಲಿ ದೊಡ್ಡದಿದ್ದರೆ ಕೊಳ್ಳುವ ಮುಂಚೆ ಒಮ್ಮೆ ಯೋಚನೆಯಾದರೂ ಬರುತ್ತದೆ.

ಗಾಂಧಿಬಜಾರ್ ಮಲ್ಲಿಗೆ · 6:10

ತಂಗಿ, ನಿಮ್ಮ ಮಾತು ತಪ್ಪಲ್ಲ. ಮಗುವಿನ ಕಥೆ ಓದಿ ನನಗೂ ಗಾಬರಿಯಾಯಿತು. ಆದರೆ ಒಂದು ಕೇಳುತ್ತೇನೆ. ನೂರಕ್ಕೆ ನಲವತ್ತಮೂರು ಪಾಲು ಸ್ಪಿರಿಟ್ ಇರುವುದು 90 ಎಂಎಲ್‌ನಲ್ಲಿ ಸಿಗುತ್ತದೆ. ಹದಿಮೂರು ಪಾಲು ಇರುವುದು ಮುಕ್ಕಾಲು ಲೀಟರಿನಲ್ಲಿ ಸಿಗುತ್ತದೆ. ಭಯ ಇರುವುದು ಚಿಕ್ಕ ಅಳತೆಯದಾದರೆ, ಅದು ಶುರುವಾಗಬೇಕಾದ್ದು ಯಾವ ಕಡೆಯಿಂದ?

ಎರಡು ಮಕ್ಕಳ ತಾಯಿ · 6:22

ಅದು ನಿಜ ಅಕ್ಕ. ಗಾಜಿನ ಹಾಫ್ ಬಾಟಲಿಗೆ ನನ್ನ ತಕರಾರಿಲ್ಲ. ನನ್ನ ಸಿಟ್ಟು ಜ್ಯೂಸ್ ವೇಷದ ಪೊಟ್ಟಣದ ಮೇಲೆ.

ಕೌಂಟರ್ ಹಿಂದಿನವನು · 6:40

ಪೊಟ್ಟಣ ಬಂದದ್ದಕ್ಕೆ ಒಂದು ಕಾರಣವನ್ನೂ ಹೇಳಬೇಕು. ಗಾಜಿನ ಚಿಕ್ಕ ಬಾಟಲಿ ಗುಜರಿಗೆ ಹೋಗಿ, ಕಳ್ಳ ಮಾಲು ತುಂಬಿಸಿಕೊಂಡು ವಾಪಸ್ ಬರುತ್ತಿತ್ತು. ಟೆಟ್ರಾ ಒಮ್ಮೆ ಹರಿದರೆ ಮುಗಿಯಿತು, ಮತ್ತೆ ತುಂಬಲು ಆಗಲ್ಲ. ದೊಡ್ಡ ಡಬ್ಬದ ಭಯವೂ ಇದೇ ಜಾತಿಯದು. ಐದು ಲೀಟರಿನ ಡಬ್ಬ ಬಾರಿಗೆ ಬಂದರೆ, ಒಳಗಿರುವುದು ಲೇಬಲ್ಲಿನಲ್ಲಿ ಇರುವುದೇ ಅಂತ ಮೂರನೇ ದಿನ ಹೇಳುವವರು ಯಾರು? ಮುಚ್ಚಳ ಒಂದೇ, ಚೀಟಿ ಒಂದೇ. ನಾನು ನೋಡಿದ ಇನ್‌ಸ್ಪೆಕ್ಟರುಗಳು ಮೊದಲು ನೋಡುತ್ತಿದ್ದುದು ಚೀಟಿ. ಆಮೇಲೆ ಬಾಟಲಿ.

ಬ್ಲೂ ದ್ರಾಕ್ಷಿ · ರಾತ್ರಿ 8:30

ದೇವನಹಳ್ಳಿ ಕಡೆಯವನು. ನಮ್ಮಪ್ಪ ಬೆಳೆದದ್ದೂ ಬೆಂಗಳೂರು ಬ್ಲೂ ದ್ರಾಕ್ಷಿ, ನಾನು ಬೆಳೆಯುತ್ತಿರುವುದೂ ಅದೇ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಸಿಪ್ಪೆ ದಪ್ಪ, ಬೀಜ ಇದೆ, ಪರಿಮಳ ಒಂದು ಕೋಣೆ ತುಂಬುತ್ತದೆ. 2013ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ಆದರೆ ನೀವು ಹೇಳುವ ಒಣ ಕೆಂಪು ವೈನಿಗೆ ಇದನ್ನು ಹಾಕುವುದಿಲ್ಲ. ಅದಕ್ಕೆ ಫ್ರೆಂಚ್ ತಳಿ ಬೇಕು. 1980ರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ವೈನರಿಯವರು ಆ ತಳಿ ನೆಟ್ಟಾಗ ನಮ್ಮ ಕಡೆ ಜನ ಬೇಲಿ ಪಕ್ಕ ನಿಂತು ನೋಡುತ್ತಿದ್ದರಂತೆ. ನಮ್ಮ ಬ್ಲೂ ಹೋಗುವುದು ಜ್ಯೂಸಿಗೆ, ಸಿಹಿ ವೈನಿಗೆ, ಡಿಸೆಂಬರಿನಲ್ಲಿ ಮನೆಮನೆಯ ಭರಣಿಗೆ.

2007ರಲ್ಲಿ ಸರ್ಕಾರ ದ್ರಾಕ್ಷಿ ವೈನ್ ನೀತಿ ತಂದಾಗ ನಮಗೆ ಆಸೆ ಹುಟ್ಟಿತ್ತು. ವೈನ್ ಮಂಡಳಿಯೂ ಬಂತು. ವೈನನ್ನು ತೋಟಗಾರಿಕೆಯ ಕಣ್ಣಿನಿಂದ ನೋಡುತ್ತೇವೆ ಅಂದರು. ನೋಡಿದರು ಕೂಡ. ಆದರೆ ಬಾಟಲಿ ತೋಟದ ಗೇಟು ದಾಟಿದ ಕೂಡಲೇ ಅದು ಅಬಕಾರಿಯ ಮಾಲು. ವಿಸ್ಕಿಗೆ ಹೊಲಿದ ಅಂಗಿಯನ್ನು ವೈನಿಗೆ ತೊಡಿಸಿದ ಹಾಗೆ. ತೋಳು ಉದ್ದ, ಕುತ್ತಿಗೆ ಬಿಗಿ.

ಚಿಕ್ಕ ಬಾಟಲಿ ಬಂದರೆ ನಮಗೆ ಒಳ್ಳೆಯದೇ. ಹೊಸಬರು ರುಚಿ ನೋಡಲು ಮುಕ್ಕಾಲು ಲೀಟರಿಗೆ ದುಡ್ಡು ಹಾಕಲ್ಲ. ಆದರೆ ವೈನರಿಯ ಸ್ನೇಹಿತರು ಇನ್ನೊಂದು ಮಾತು ಹೇಳುತ್ತಾರೆ. ವೈನ್ ಅರ್ಧ ಆಗುತ್ತದೆ, ಗಾಜು ಅರ್ಧ ಆಗಲ್ಲ. ಕಾರ್ಕ್ ಅದೇ, ಲೇಬಲ್ ಅದೇ, ಅಂಟಿಸುವ ಕೈ ಅದೇ. ಅದಕ್ಕೇ ಎರಡು ಹಾಫಿನ ಬೆಲೆ ಒಂದು ಫುಲ್ಲಿಗಿಂತ ಜಾಸ್ತಿ ಬೀಳುತ್ತದೆ. ಗಿರಾಕಿ ಲೆಕ್ಕ ಹಾಕಿ ಫುಲ್ಲೇ ಕೊಡಿ ಅನ್ನುತ್ತಾನೆ.

ಕೇಕ್ ಮತ್ತು ವೈನ್ · 9:05

ಕಾಕ್ಸ್ ಟೌನ್‌ನಿಂದ. ನಮ್ಮ ಅಮ್ಮ ಬ್ಲೂ ದ್ರಾಕ್ಷಿ, ಸಕ್ಕರೆ, ಲವಂಗ ಹಾಕಿ ಭರಣಿಗೆ ಬಟ್ಟೆ ಕಟ್ಟಿ ಮಂಚದ ಕೆಳಗೆ ಇಡುತ್ತಿದ್ದರು. ಭರಣಿ ಎಷ್ಟು ಲೀಟರ್ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. "ಮಂಚದ ಕಾಲಿಗೆ ತಗುಲಬಾರದು" ಅನ್ನುವುದೊಂದೇ ಅಳತೆ.

ಮಾಡರೇಟರ್ · 9:12

ಮನೆಯಲ್ಲಿ ತಯಾರಿಸುವ ವಿಧಾನ ಇಲ್ಲಿ ಬೇಡ. ಅಳತೆಯ ವಿಷಯಕ್ಕೆ ಬನ್ನಿ.

ಗಿರಿನಗರ ಹುಡುಗ · 9:30

ಸರಿ, ಅಳತೆಗೇ ಬರೋಣ. ಈ 750 ಎಲ್ಲಿಂದ ಬಂತು? 800 ಯಾಕಲ್ಲ, 500 ಯಾಕಲ್ಲ? ಗಾಜು ಊದುವವನ ಒಂದು ಉಸಿರಿಗೆ ಅಷ್ಟೇ ಆಗುತ್ತಿತ್ತು ಅಂತ ಎಲ್ಲೋ ಓದಿದ್ದೆ.

ಲೇಬಲ್ ರಾಯರು · 10:02

ಉಸಿರಿನ ಕಥೆ ಚೆನ್ನಾಗಿದೆ, ಅಷ್ಟೇ. ಊದುವವರು ಉಸಿರು ಎಳೆದುಕೊಂಡು ಮತ್ತೆ ಊದಬಹುದು ತಾನೇ. ನನಗೆ ಲೆಕ್ಕದ ಕಥೆ ಹೆಚ್ಚು ಒಪ್ಪುತ್ತದೆ. ಫ್ರಾನ್ಸಿನ ವೈನ್ ಸೀಮೆ ಬೋರ್ಡೊದ ಪೀಪಾಯಿ 225 ಲೀಟರ್. ಕೊಳ್ಳುವ ಇಂಗ್ಲಿಷರಿಗೆ ಅದು ಹೆಚ್ಚುಕಡಿಮೆ 50 ಗ್ಯಾಲನ್. 750ರಂತೆ ತುಂಬಿದರೆ ಸರಿಯಾಗಿ 300 ಬಾಟಲಿ. ಒಂದು ಗ್ಯಾಲನ್‌ಗೆ ಆರು ಬಾಟಲಿ, ಎರಡು ಗ್ಯಾಲನ್‌ಗೆ ಒಂದು ಕೇಸ್. ಅಮೆರಿಕದವರದು ಚಿಕ್ಕ ಗ್ಯಾಲನ್, ಅದನ್ನು ಅವರು ಐದು ಭಾಗ ಮಾಡಿದರು. ಎರಡನ್ನೂ ಭಾಗಿಸಿ ನೋಡಿ, 757 ಚಿಲ್ಲರೆಯೇ ಬರುತ್ತದೆ! ಮೆಟ್ರಿಕ್ ಬಂದಾಗ ಚಿಲ್ಲರೆ ಉದುರಿಸಿ 750 ಮಾಡಿದರು.

ಯುರೋಪಿನವರೂ ಬೇರೆಲ್ಲ ಪದಾರ್ಥಗಳ ಅಳತೆ ಪಟ್ಟಿ ತೆಗೆದುಹಾಕಿದರು, ವೈನು ಮತ್ತು ಸ್ಪಿರಿಟ್ಟಿನದು ಉಳಿಸಿಕೊಂಡರು. 2007ರ ನಿರ್ದೇಶನ ಅದು. ಸಾದಾ ವೈನಿಗೆ 100 ಎಂಎಲ್‌ನಿಂದ ಒಂದೂವರೆ ಲೀಟರ್‌ವರೆಗೆ ಎಂಟೇ ಅಳತೆ. ಅದರಲ್ಲಿ 187 ಇದೆ, ನಿಜವಾದ ಕಾಲು ಭಾಗ. ವಿಮಾನದಲ್ಲಿ ಕೊಡುವ ಪುಟ್ಟ ಬಾಟಲಿ ಅದೇ. ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಗೆ ಬಂದಮೇಲೆ 2024ರಲ್ಲಿ 568 ಎಂಎಲ್ ಸೇರಿಸಿಕೊಂಡಿತು, ಅವರ ಹಳೆಯ ಪೈಂಟ್ ಅಳತೆ. ಅಭಿಮಾನದ ಪ್ರಶ್ನೆ.

ಗಿರಿನಗರ ಹುಡುಗ · 10:10

ಅಂದರೆ ಬೋರ್ಡೊ ಪೀಪಾಯಿ ಎಣಿಸಲು ಸುಲಭ ಆಗಲಿ ಅಂತ ಮಾಡಿದ್ದನ್ನು ಗಾಂಧಿಬಜಾರಿನಲ್ಲಿ ಅಕ್ಕ ಸಾರಿಗೆ ಸುರಿಯುತ್ತಿದ್ದಾರೆ.

ಗಾಂಧಿಬಜಾರ್ ಮಲ್ಲಿಗೆ · 10:15

ಸಾರಿನ ವಿಷಯ ಬೇಡ ಅಂದಿದ್ದೆ ಅಲ್ವಾ!

ಟ್ಯಾಂಪಾ ರಿಟರ್ನ್ · ಸೋಮವಾರ ಬೆಳಗ್ಗೆ 7:50

ಮೇಡಂ, ಕಾನೂನು ಬದಲಾಗುವವರೆಗೆ ಕಾಯಬೇಡಿ. ವೈನ್ ಕೆಡುವುದು ಗಾಳಿಯಿಂದ. ಅರ್ಧ ಖಾಲಿ ಬಾಟಲಿಯಲ್ಲಿ ಅರ್ಧ ಗಾಳಿ ಇರುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಅದು ತನ್ನ ಕೆಲಸ ಮಾಡುತ್ತದೆ. ಒಂದು ಖಾಲಿ 375ರ ಬಾಟಲಿ ಚೆನ್ನಾಗಿ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ಫುಲ್ ತೆರೆದ ತಕ್ಷಣ, ಲೋಟಕ್ಕೆ ಬಗ್ಗಿಸುವ ಮೊದಲೇ, ಅರ್ಧವನ್ನು ಅದಕ್ಕೆ ಕುತ್ತಿಗೆವರೆಗೆ ತುಂಬಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿಗಿಡಿ. ಗಾಳಿಗೆ ಜಾಗವೇ ಇರಲ್ಲ. ಒಂದು ವಾರ ಧಾರಾಳ. ಉಳಿದ 375ನ್ನು ಅವತ್ತೇ ಇಬ್ಬರೂ ಮುಗಿಸಿ, ತಲಾ ಒಂದು ಲೋಟಕ್ಕಿಂತ ಚೂರು ಜಾಸ್ತಿ ಅಷ್ಟೇ.

ಗಾಂಧಿಬಜಾರ್ ಮಲ್ಲಿಗೆ · 8:05

ಇದು ಉಪಾಯ! ಆದರೆ ಖಾಲಿ 375 ಬೇಕಾದರೆ ಮೊದಲು ತುಂಬಿದ 375 ಸಿಗಬೇಕಲ್ಲ. ಅದಿಲ್ಲ ಅಂತಲೇ ನನ್ನ ಗೋಳು.

ಕೌಂಟರ್ ಹಿಂದಿನವನು · 8:20

ರಮ್ಮಿನ ಹಾಫ್ ಬಾಟಲಿ ಆಗುತ್ತದೆ ಮೇಡಂ. ಗಾಜು ಗಾಜೇ. ಗುಜರಿಯವನಿಗೆ ಹೇಳಿ, ಎರಡು ರೂಪಾಯಿಗೆ ಕೊಡುತ್ತಾನೆ.

ಗಾಂಧಿಬಜಾರ್ ಮಲ್ಲಿಗೆ · ಎರಡು ವಾರದ ನಂತರ, ಭಾನುವಾರ 9:40

ವರದಿ ಒಪ್ಪಿಸುತ್ತಿದ್ದೇನೆ. ನಮ್ಮ ಬೀದಿಗೆ ಬರುವ ಗುಜರಿಯವರನ್ನು ನಿಲ್ಲಿಸಿ, ರಮ್ಮಿನ ಹಾಫ್ ಬಾಟಲಿ ಇದೆಯಾ ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು, ಯಜಮಾನರ ಮುಖ ನೋಡಿದರು, ಮಾತಾಡದೆ ಎರಡು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಎದುರುಮನೆಯವರು ಕಾಂಪೌಂಡಿನಿಂದ ಎಲ್ಲವನ್ನೂ ನೋಡಿದರು. ಈಗ ನಮ್ಮ ಮನೆಯ ಬಗ್ಗೆ ರಸ್ತೆಯಲ್ಲಿ ಏನು ಮಾತು ನಡೆದಿದೆಯೋ ಗೊತ್ತಿಲ್ಲ.

ಬಾಟಲಿಯನ್ನು ಬಿಸಿನೀರು, ಸೋಡಾಪುಡಿ ಹಾಕಿ ಮೂರು ಸಲ ತೊಳೆದೆ. ಹೋದ ಶನಿವಾರ ತುಂಬಿಸಿಟ್ಟದ್ದನ್ನು ನಿನ್ನೆ ತೆರೆದೆವು. ಹುಳಿ ಬಂದಿರಲಿಲ್ಲ. ಮೊದಲ ದಿನದ ಪರಿಮಳ ಸ್ವಲ್ಪ ಕಡಿಮೆ, ಅಷ್ಟೇ. ಇವರು ಮಾತ್ರ ಒಂದು ಗುಟುಕು ಕುಡಿದು, "ಎಲ್ಲೋ ಸ್ವಲ್ಪ ರಮ್ಮಿನ ವಾಸನೆ ಇದೆ ಕಣೇ" ಅಂದರು. ಬೇಸರದಿಂದ ಅಂದ ಹಾಗೆ ಕಾಣಲಿಲ್ಲ.

ಕೌಂಟರ್ ಹಿಂದಿನವನು · 9:52

ಮುಚ್ಚಳದೊಳಗಿನ ಬಿಲ್ಲೆ ತೆಗೆದು ತೊಳೆಯಿರಿ ಮೇಡಂ, ವಾಸನೆ ಅಲ್ಲಿ ಕೂತಿರುತ್ತದೆ. ಸಾರ್ ಬೇಡ ಅಂದರೆ ಬಿಡಿ.